ಕೊನೆಯ ಸೈಕಲ್ಲು ಕಮಲತ್ತೆಯದು

ಉದುರಿದ ಹೊಂಗೆ ಹೂವಿನ ಮೇಲೆ ಸೈಕಲ್ಲಿನ ಚಕ್ರ ಹರಿದರೆ ಒಂದು ಹಸಿ ವಾಸನೆ ಏಳುತ್ತದೆ, ಸಿಹಿಯೂ ಅಲ್ಲದ, ಪೂರ್ತಿ ಕಹಿಯೂ ಅಲ್ಲದ ವಾಸನೆ. ಹೋದ ಭಾನುವಾರ ಸಂಜೆ ಕನಕಪುರ ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದ ಕೂಡಲೇ ಅದು ಮೂಗಿಗೆ ಹೊಡೆಯಿತು. ಪದ್ಮನಾಭನಗರದಿಂದ ಹೊರಟ ಗುಂಪಿನಲ್ಲಿ ನಾವು ಹತ್ತು ಜನ. ಎಲ್ಲರದೂ ದಪ್ಪ ಟೈರಿನ, ಗುಡ್ಡ ಹತ್ತುವ ಗೇರ್ ಸೈಕಲ್ಲುಗಳು. ನನ್ನದು ಮಗಳನ್ನು ಕಾಡಿ ಬೇಡಿ ತಂದದ್ದು. ಗುಂಪಿನ ಮುಂದಾಳು, ನನ್ನ ಮಗಳದೇ ವಯಸ್ಸಿನವನು, ಹೊರಡುವ ಮೊದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಂಟಿ, ನೀವು ಲಾಸ್ಟಲ್ಲಿ ಬನ್ನಿ. ನಿಮ್ ಸ್ಪೀಡಿಗೆ ಅದೇ ಸರಿ" ಎಂದಿದ್ದ. ಮೈಯೆಲ್ಲ ಉರಿದುಹೋಯಿತು. ಆಂಟಿ ಎಂದದ್ದನ್ನು ಬೇಕಾದರೆ ನುಂಗಿಕೊಂಡೇನು, ನಿಧಾನದವರನ್ನು ಕೊನೆಗೆ ತಳ್ಳುವುದು ಎಲ್ಲಿಯ ನ್ಯಾಯ? ಕಮಲತ್ತೆ ಇದ್ದಿದ್ದರೆ ಅವನ ಕಿವಿ ಹಿಂಡುತ್ತಿದ್ದಳು.

ಕಮಲತ್ತೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ, ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದಳು. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು ವೀಣಾ, ನಾನು ಎಲ್ಲರೂ ಕೂಡಿಯೇ ಇದ್ದೆವು. ಹಜಾರದ ಕೆಂಪು ನೆಲ, ಬೆಳಗಾಗುತ್ತಲೇ ಕಾಫಿಬೀಜ ಹುರಿಯುವ ಘಮ, ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಒರಗಿಸಿಟ್ಟ ಅತ್ತೆಯ ಕರಿ ಸೈಕಲ್ಲು. ನಿಮ್ಮ ಬಾಲ್ಯದ ಮನೆಯೂ ಹೀಗೆ ಒಂದೆರಡು ವಾಸನೆಗಳಲ್ಲಿ, ಒಂದೆರಡು ಬಣ್ಣಗಳಲ್ಲಿ ಉಳಿದುಕೊಂಡಿರಬಹುದು. ಆ ಮನೆಯಲ್ಲಿ ಎಲ್ಲದಕ್ಕೂ ಬೀಗವಿತ್ತು. ಬೀರುವಿಗೆ, ರೇಡಿಯೋ ಇಟ್ಟ ಗೂಡಿಗೆ, ಕೋಡುಬಳೆ ಡಬ್ಬಿಯ ಕಪಾಟಿಗೆ. ಬೀಗದ ಕೈಗಳೆಲ್ಲ ಅಪ್ಪನ ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದವು, ಅವರು ಓಡಾಡಿದರೆ ಅಂಗಿಯೊಳಗಿಂದ ಸಣ್ಣಗೆ ಕಿಣಿಕಿಣಿ ಕೇಳುತ್ತಿತ್ತು. ಬೀಗವಿಲ್ಲದೆ ಇದ್ದದ್ದು ಅತ್ತೆಯ ಸೈಕಲ್ಲೊಂದೇ.

ಯುಗಾದಿ ಕಳೆದು ಶಾಲೆಗೆ ರಜೆ ಬಂತೆಂದರೆ, ಬಿಸಿಲು ಇಳಿಯುತ್ತಲೇ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕತ್ತಿಗೆ ಡ್ರಿಲ್ ಸೀಟಿ ನೇತುಹಾಕಿಕೊಂಡು ಹೊರಡುತ್ತಿದ್ದಳು. ಜೊತೆಗೆ ಬಾಡಿಗೆ ಸೈಕಲ್ಲುಗಳಲ್ಲಿ ನಾನು, ವೀಣಾ, ಬೀದಿಯ ನಾಲ್ಕೈದು ಹುಡುಗಿಯರು. ಹೋಗುತ್ತಿದ್ದದ್ದು ವಸಂತಪುರದ ಕಡೆಗೆ. ಈಗ ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ. ಆಗ ಡಾಂಬರು ಮುಗಿದು ಕೆಮ್ಮಣ್ಣಿನ ಗಾಡಿಜಾಡು ಶುರುವಾಗುತ್ತಿತ್ತು. ಎರಡೂ ಕಡೆ ಉತ್ತುಬಿಟ್ಟ ಹೊಲ, ಹುಣಸೆ, ಹೂವು ಚೆಲ್ಲಿದ ಹೊಂಗೆ. ಗುಡ್ಡಕ್ಕೆ ಸೈಕಲ್ಲು ತಳ್ಳಿಕೊಂಡು ಹತ್ತಿ, ಬಂಡೆಯ ಮೇಲೆ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು, ಬೆಳಕಿರುವಾಗಲೇ ಇಳಿಯಬೇಕು. ಅತ್ತೆಯದು ಒಂದೇ ಕಾನೂನು. "ಯಾರು ನಿಧಾನವೋ ಅವ್ರು ಮುಂದೆ. ಮಿಕ್ಕೋರೆಲ್ಲ ಅವ್ರ ಹಿಂದೆ. ನಾನು ಎಲ್ಲಾರ್ಗಿಂತ ಹಿಂದೆ." ಹಾಗೆ ಹೋದರೆ ಯಾರೂ ಹಿಂದುಳಿದು ಕಳೆದುಹೋಗುವುದಿಲ್ಲ ಎನ್ನುವುದು ಅವಳ ನಂಬಿಕೆ. ದಿನವೂ ವೀಣಾಳೇ ಮುಂದು, ಎಂಟು ವರ್ಷದವಳು, ಕಾಲು ಪೂರ್ತಿ ಎಟುಕದ ಸೈಕಲ್ಲು. ನನಗೆ ಹನ್ನೊಂದು, ನನ್ನಷ್ಟು ಜೋರಾಗಿ ಯಾರೂ ಓಡಿಸಲಾರರೆಂಬ ಜಂಬ ಬೇರೆ. ಅವಳ ಹಿಂದೆ ತೆವಳುವಾಗ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೆ.

ಒಂದು ಸಂಜೆ ಇಳಿಜಾರಿನಲ್ಲಿ ತಾಳ್ಮೆ ತಪ್ಪಿತು. ತಿರುವಿನಲ್ಲಿ ಪಕ್ಕದಿಂದ ನುಗ್ಗಿದೆ. ದಾರಿ ಸಾಲದಾಗ ನನ್ನ ಮೊಣಕೈ ವೀಣಾಳಿಗೆ ತಾಗಿತು ಎಂದು ಬರೆಯಲು ಹೊರಟಿದ್ದೆ. ಸುಳ್ಳು, ನಾನು ತಳ್ಳಿದೆ. ಅವಳು ಸೈಕಲ್ ಸಮೇತ ಪಕ್ಕದ ಹಳ್ಳಕ್ಕೆ ಉರುಳಿದಳು. ಎಡಗೈ ಮುರಿಯಿತು, ಮುಂದಿನ ಹಲ್ಲೊಂದು ಅರ್ಧ ಹೋಯಿತು. ಹಿಂದಿನ ಹುಡುಗಿಯರು ತಮ್ಮ ತಮ್ಮ ಬ್ರೇಕು ಹಿಡಿಯುವ ಗಲಾಟೆಯಲ್ಲಿದ್ದರು. ವೀಣಾಳಿಗಂತೂ ಏನಾಯಿತೆಂದೇ ತಿಳಿಯಲಿಲ್ಲ. ಉದ್ದಕ್ಕೆ ಸೀಟಿ ಕೇಳಿಸಿತು, ಅತ್ತೆ ಓಡಿಬಂದು ಅವಳನ್ನು ಎತ್ತಿಕೊಂಡಳು. ನಾನು ಚೈನು ಸರಿಮಾಡುವವಳ ಹಾಗೆ ಬಗ್ಗಿ ನಿಂತಿದ್ದೆ.

ವೀಣಾಳ ಕೈಗೆ ಹಿಟ್ಟಿನ ಕಟ್ಟು ಹಾಕಿಸಿ ಮನೆಗೆ ಬಂದಾಗ ಅಪ್ಪ ಹಜಾರದಲ್ಲಿ ನಿಂತಿದ್ದರು. ಹೇಗಾಯ್ತು ಎಂದು ಕೇಳಿದ್ದು ಅತ್ತೆಯೊಬ್ಬಳನ್ನೇ. "ನಂದೇ ತಪ್ಪು ಕಣೋ ಅಣ್ಣ. ಆ ಸೈಕಲ್ಲು ಅವಳಿಗೆ ದೊಡ್ಡದಾಯ್ತು, ಕೊಡಬಾರ್ದಿತ್ತು" ಎಂದಳು. ನಾನು ಬಾಗಿಲ ಮರೆಯಲ್ಲಿ ನಿಂತು, ಸದ್ಯ ಬದುಕಿದೆ ಎಂದುಕೊಂಡೆ. "ಹೆಣ್ಮಕ್ಕಳನ್ನ ಕಾಡು ಮೇಡು ಅಲೆಸಿದ್ದು ಸಾಕು. ಇವತ್ತಿಗೆ ಮುಗೀತು" ಎಂದರು ಅಪ್ಪ. ಹಿತ್ತಿಲಿಗೆ ಹೋಗಿ ಅತ್ತೆಯ ಸೈಕಲ್ಲಿಗೆ ಸರಪಳಿ ಸುತ್ತಿ, ಕಂಬಕ್ಕೆ ಕಟ್ಟಿ, ಬೀಗ ಜಡಿದರು. ಜನಿವಾರಕ್ಕೆ ಇನ್ನೊಂದು ಕೈ ಸೇರಿತು. ಮೂವತ್ತೈದು ವರ್ಷದ ಹೆಂಗಸು ತಾನೇ ದುಡಿದು ಕೊಂಡ ಸೈಕಲ್ಲಿಗೆ ಅಣ್ಣನ ಬೀಗ! ಇವತ್ತು ನೆನೆದರೂ ಹಲ್ಲು ಕಡಿಯುತ್ತೇನೆ. ಒಬ್ಬರಾದರೂ ತುಟಿಪಿಟಕ್ಕೆನ್ನಬೇಕಲ್ಲ. ಚಿಕ್ಕಪ್ಪ ಪೇಪರ್ ಬಿಡಿಸಿದರು, ಅಮ್ಮ ಕಾಫಿ ಬೆರೆಸಿದಳು, ನಾನು ಅದೇ ಹಜಾರದಲ್ಲಿ ಕೂತು ಎರಡು ಸಲ ಹುಳಿಯನ್ನ ಹಾಕಿಸಿಕೊಂಡು ತಿಂದೆ.

ಆಮೇಲೆ ಅತ್ತೆ ಶಾಲೆಗೆ ಬಸ್ಸಿನಲ್ಲಿ ಹೋದಳು. ಬಟ್ಟೆ ಒಗೆಯುವ ದಿನ ಹಿಂಡಿದ ಸೀರೆಗಳನ್ನು ಆ ಸೈಕಲ್ಲಿನ ಸೀಟಿನ ಮೇಲೆಯೇ ಇಡುತ್ತಿದ್ದಳು. ಅಪ್ಪ ಹೋದ ಮೇಲೆ ಅಮ್ಮ ಬೀಗದ ಕೈಗೊಂಚಲನ್ನು ಅವಳ ಮುಂದೆ ಹಿಡಿದಾಗ ಒಂದು ಸಲ ಪ್ರಯತ್ನಿಸಿ ನೋಡಿದಳು. ಬೀಗ ತುಕ್ಕು ಹಿಡಿದು ಕೈ ತಿರುಗಲಿಲ್ಲ. ಮನೆ ಕೆಡವಿದಾಗ ಕಂಬದ ಜೊತೆಗೇ ಸೈಕಲ್ಲೂ ಹೋಯಿತು. ನಾಲ್ಕು ವರ್ಷದ ಹಿಂದೆ ಅತ್ತೆಯೂ ಹೋದಳು. ಇಷ್ಟು ವರ್ಷ ನಾನು ನೆಮ್ಮದಿಯಿಂದ ನಿದ್ದೆ ಮಾಡಿದ್ದು ಒಂದೇ ಧೈರ್ಯದ ಮೇಲೆ: ಅಷ್ಟು ಹಿಂದೆ ಇದ್ದವಳಿಗೆ ಏನು ಕಂಡೀತು, ಸೈಕಲ್ಲು ದೊಡ್ಡದಾಗಿದ್ದೇ ಕಾರಣವೆಂದು ಅವಳೂ ನಂಬಿದ್ದಾಳೆ.

ಹೋದ ಭಾನುವಾರ, ಬಂದ ದಾರಿಯಲ್ಲೇ ಗುಡ್ಡ ಇಳಿಯುವಾಗ ನಾನು ಎಲ್ಲರಿಗಿಂತ ಹಿಂದೆ ಇದ್ದೆ. ಹಳದಿ ಅಂಗಿಯ ಹುಡುಗಿಯೊಬ್ಬಳು ತಿರುವಿನಲ್ಲಿ ಮುಂದಿನವಳನ್ನು ಹಿಂದೆ ಹಾಕಲು ನುಗ್ಗಿದಳು. ನುಗ್ಗುವ ಮೊದಲು ಅವಳ ಭುಜ ಏರಿದ್ದು, ಮೊಣಕೈ ಹೊರಗೆ ಬಂದದ್ದು, ಎಲ್ಲವೂ ನಿಚ್ಚಳವಾಗಿ ಕಂಡಿತು. ಮೇಲಿಂದ, ಹಿಂದಿನಿಂದ, ಇಡೀ ದಾರಿ ಅಂಗೈಯಲ್ಲಿದ್ದಂತೆ ಕಾಣುತ್ತದೆ. ಅವರಲ್ಲಿ ಯಾರೂ ಬೀಳಲಿಲ್ಲ. ನಾನು ಬ್ರೇಕು ಹಿಡಿದು ಅಲ್ಲೇ ನಿಂತುಬಿಟ್ಟೆ.

ನಿನಗೆ ಕಂಡಿತ್ತು. ಅಲ್ಲವೇ ಅತ್ತೆ? ಹಜಾರದಲ್ಲಿ ಎಲ್ಲರ ಎದುರಿಗೆ ನನ್ನ ಕೆನ್ನೆಗೆ ಬಾರಿಸಿ, ಇವಳೇ ತಳ್ಳಿದ್ದು ಎನ್ನಬಾರದಿತ್ತೇ? ಅಪ್ಪನ ಬೆತ್ತದ ನಾಲ್ಕೇಟು ತಿಂದು ನಾನು ಮರೆತುಬಿಡುತ್ತಿದ್ದೆ, ನಿನ್ನ ಸೈಕಲ್ಲು ಉಳಿಯುತ್ತಿತ್ತು. ಅಪ್ಪನ ಮೇಲೆ, ನನ್ನ ಮೇಲೆ ಇಷ್ಟು ವರ್ಷ ಸಿಟ್ಟಿತ್ತು. ಈಗ ನಿನ್ನ ಮೇಲೂ ಬಂದಿದೆ, ಜಗಳವಾಡೋಣವೆಂದರೆ ನೀನಿಲ್ಲ.

ಕೆಳಗಿನಿಂದ ಆ ಮುಂದಾಳು ಕೂಗಿದ. "ಆಂಟಿ, ಬರ್ತಾ ಇದ್ದೀರಾ?"

ಬ್ರೇಕು ಬಿಟ್ಟೆ. "ನೀವು ಹೋಗ್ತಾ ಇರ್ರಪ್ಪಾ" ಎಂದೆ. "ನಾನು ಎಲ್ಲಾರ್ಗಿಂತ ಹಿಂದೆ."