ಏಳು ಸಲ ತೊಳೆದ ಕರಿಪುಡಿ

ದೇಜಾನ್ ನಗರದ ಈ ಪ್ರಯೋಗಾಲಯದಲ್ಲಿ ಬೆಳಗಿನ ಐದೂವರೆಗೆ ದೀಪ ಹಾಕುವವರು ಒಬ್ಬರೇ, ಐವತ್ತೆಂಟರ ತಾಕ್ ಒಕ್‌ಸುನ್. ಮೊಣಕೈವರೆಗೆ ಕೈಗವಸು ಏರಿಸಿ, ಆಮ್ಲದಲ್ಲಿ ನೆನೆದ ಕರಿಪುಡಿಯನ್ನು ಸೋಸಿ, ಅದಕ್ಕೆ ಹೊಸ ಆಮ್ಲ ಸುರಿಯುತ್ತಾರೆ. "ಇದು ಏಳನೇ ಸಲ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಪುಡಿ ಎಂದರೆ ಕೋಬಾಲ್ಟ್ ಬೆರೆತ ಇಂಗಾಲ. ವಿದ್ಯುತ್ ಹಾಯಿಸಿದರೆ ಗಾಳಿಯ ಆಮ್ಲಜನಕದಿಂದ ಹೈಡ್ರೋಜನ್ ಪೆರಾಕ್ಸೈಡ್ ಮಾಡಿಕೊಡುವ ವೇಗವರ್ಧಕ. ಆಮ್ಲಜನಕದ ಕ್ರಿಯೆ ಅರ್ಧ ದಾರಿಯಲ್ಲಿ ನಿಂತರೆ ಪೆರಾಕ್ಸೈಡ್, ಪೂರ್ತಿ ಹೋದರೆ ಬರೀ ನೀರು. ದೂರದ ದ್ವೀಪಗಳ ಆಸ್ಪತ್ರೆಗಳು ಹಡಗಿಗೆ ಕಾಯದೆ ಸೋಂಕುನಿವಾರಕವನ್ನು ತಾವೇ ಮಾಡಿಕೊಳ್ಳಲಿ ಎಂಬುದು ಇಲ್ಲಿನವರ ಹಂಬಲ.

ಒಕ್‌ಸುನ್ ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದರು. ದಿನಕ್ಕೆ ಆರುನೂರು ಮಕ್ಕಳ ಅಕ್ಕಿ ತೊಳೆದ ಕೈ. ಮಣಿಕಟ್ಟು ನೋವು ಹೆಚ್ಚಾದಾಗ ಇಲ್ಲಿ ಗಾಜುಪಾತ್ರೆ ತೊಳೆಯಲು ಸೇರಿದರು. ಪುಡಿ ತೊಳೆಯುವುದೂ ಮೆಲ್ಲಗೆ ಅವರ ಪಾಲಿಗೇ ಬಂತು.

ಕಳೆದ ತಿಂಗಳು ಇಲ್ಲಿ ಎಲ್ಲರ ಮುಖ ಸಪ್ಪೆಯಾಗಿತ್ತು. ನೂರಕ್ಕೆ ಅರವತ್ತೆರಡು ಪಾಲಷ್ಟೇ ಪೆರಾಕ್ಸೈಡ್. ಆ ವಾರದ ಶುಕ್ರವಾರದೊಳಗೆ ತೊಂಬತ್ತು ದಾಟದಿದ್ದರೆ ಯೋಜನೆಗೆ ಬೀಗ, ಒಕ್‌ಸುನ್ ಅವರ ಕೆಲಸಕ್ಕೂ. ಗೋಡೆಯ ಹಾಳೆಯಲ್ಲಿ ಬರೆದಿತ್ತು: ಮೂರು ಸಲ ತೊಳೆಯಿರಿ, ತೊಳೆದ ನೀರು ತಿಳಿಯಾದರೆ ಸಾಕು.

ಒಕ್‌ಸುನ್‌ಗೆ ಸಮಾಧಾನವಿರಲಿಲ್ಲ. ಚಿಟಿಕೆ ಪುಡಿ ತೆಗೆದು, ಗಾಯಕ್ಕೆ ಹಚ್ಚುವ ಪೆರಾಕ್ಸೈಡ್ ಒಂದು ಹನಿ ಬಿಟ್ಟರು. ಬುಸುಬುಸು ನೊರೆ ಎದ್ದಿತು.

"ಹಾರಿನ್, ಇಲ್ಲಿ ನೋಡಮ್ಮ. ನೀವು ಕಷ್ಟಪಟ್ಟು ಮಾಡಿದ್ದನ್ನ ಈ ಪುಡೀನೇ ತಿಂದು ಹಾಕ್ತಿದೆ."

"ನೀರು ತಿಳಿಯಾಗಿದೆಯಲ್ಲ ಚಿಕ್ಕಮ್ಮ?" ಎಂದಳು ಸಂಶೋಧಕಿ ಹಾರಿನ್.

"ಅಕ್ಕಿಗಾದ್ರೆ ಅಷ್ಟು ಸಾಕಿತ್ತು. ಡಾಕ್ಟರೇಟ್ ಮಾಡ್ತಿರೋಳು ನೀನು, ನೊರೆ ಯಾಕೆ ಅಂತ ನೀನೇ ಹೇಳು."

ಹಾರಿನ್‌ಗೆ ತಟ್ಟನೆ ಹೊಳೆಯಿತು. ಇಂಗಾಲಕ್ಕೆ ಅಂಟಿದ ಒಂಟೊಂಟಿ ಕೋಬಾಲ್ಟ್ ಪರಮಾಣು ಪೆರಾಕ್ಸೈಡ್ ಮಾಡುತ್ತದೆ. ಗಂಟುಕಟ್ಟಿದ ಕೋಬಾಲ್ಟ್ ಅದನ್ನು ಒಡೆದು ನೊರೆ ಎಬ್ಬಿಸುತ್ತದೆ. ಗಂಟು ಇನ್ನೂ ಉಳಿದಿತ್ತು. ಇಷ್ಟೆಲ್ಲ ಓದಿದವರಿಗೆ ಕಾಣದ್ದು ಒಂದು ಹನಿಯಲ್ಲಿ ಕಂಡಿತ್ತು. ಅದನ್ನು ಕರಗಿಸಲು ಇಬ್ಬರೂ ಬಿಸಿ ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದರು. ಏಳನೇ ಸಲಕ್ಕೆ ಹನಿ ನೊರೆ ಎಬ್ಬಿಸದೆ ಸುಮ್ಮನೆ ಕುಳಿತುಕೊಂಡಿತು. ಗುರುವಾರ ಮಧ್ಯಾಹ್ನ ಪರದೆಯ ಮೇಲೆ ತೊಂಬತ್ತಮೂರು ಮೂಡಿದಾಗ ಹಾರಿನ್ ತನ್ನ ಚಿಕ್ಕಮ್ಮನನ್ನು ಅಪ್ಪಿ ಅತ್ತೇಬಿಟ್ಟಳು.

ಈಗ ಗೋಡೆಯ ಹಾಳೆ ಬದಲಾಗಿದೆ. ಹಳೆಯ ಸಾಲನ್ನು ಹೊಡೆದುಹಾಕಿ ಪ್ರಯೋಗಾಲಯ ನಡೆಸುವ ಪ್ರೊಫೆಸರ್ ಮ್ಯೋಂಗ್ ತಮ್ಮ ಕೈಯಾರೆ ಬರೆದಿದ್ದಾರೆ: ತಾಕ್ ಒಕ್‌ಸುನ್ ಅವರು ಸಾಕು ಅನ್ನುವವರೆಗೆ ತೊಳೆಯಿರಿ.

"ಆರುನೂರು ಮಕ್ಳಿಗೆ ಅನ್ನ ಮಾಡ್ದಾಗ್ಲೂ ನನ್ನ ಹೆಸರು ಯಾರೂ ಗೋಡೆ ಮೇಲೆ ಬರೆದಿರಲಿಲ್ಲ," ಎಂದು ಒಕ್‌ಸುನ್ ನಗುತ್ತಾರೆ. ಚಿಟಿಕೆ ಪುಡಿಯ ಮೇಲೆ ಹನಿ ಬಿಟ್ಟು, ಬಗ್ಗಿ ನೋಡುತ್ತಾರೆ. ನೊರೆ ಇಲ್ಲ.

"ಸಾಕು," ಎನ್ನುತ್ತಾರೆ.