ಖಂಡೇನವಮಿಯ ಉಸುಕು

ತೊಳೆದ ಕಬ್ಬಿಣಕ್ಕೆ ಬಳಿದ ಹಸಿ ವಿಭೂತಿಯ ವಾಸನೆ ಮೂಗಿಗೆ ಬಡಿದರೆ ಬೈಲಹೊಂಗಲದವರಿಗೆಲ್ಲ ಹೋಳಿಗೆ ನೆನಪಾಗುತ್ತದೆ. ನನಗೆ ಭೂಗರ್ಭದವರು ನೆನಪಾಗುತ್ತಾರೆ. ಮೊನ್ನೆ ಖಂಡೇನವಮಿಗೂ ಹಾಗೇ ಆಯಿತು...

ಅವರು ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು, ಆ ಅಡ್ಡಹೆಸರು ಅದರಿಂದಲೇ. ನಾನು ಇತಿಹಾಸ. ಎರಡೂ ಮನೆಗೆ ಒಂದೇ ಗೋಡೆ. ನನ್ನ ರಾಜಮಹಾರಾಜರನ್ನೆಲ್ಲ ಅವರು ‘ನಿನ್ನೆ ಮೊನ್ನೆಯ ಹುಡುಗರು’ ಎನ್ನುತ್ತಿದ್ದರು. ರಾಮದುರ್ಗದ ಆಚೆ ಮಲಪ್ರಭೆಯ ದಂಡೆ ಒಂದು ಕಡೆ ಗೋಡೆಯಂತೆ ಕಡಿದು ನಿಂತಿತ್ತು. ಅದರ ಉಸುಕಿನ ಪದರಿನಲ್ಲಿ ಅವರಿಗೆ ಆದಿಮಾನವರ ಕಲ್ಲುಗೊಡಲಿಯೊಂದು ಸಿಕ್ಕಿತ್ತು. ಆ ಪದರಿನ ವಯಸ್ಸು ತಿಳಿಯದೆ ಸಾಯಬಾರದೆಂದು ಅವರು ತೀರ್ಮಾನಿಸಿದ್ದರು. ಮನುಷ್ಯ ಇಂಥ ತೀರ್ಮಾನಗಳನ್ನು ಮಾಡಬಾರದು.

ಉಪಾಯವೇನೋ ಇತ್ತು. ನೆಲದಡಿ ಹೂತ ಉಸುಕಿನ ಕಣ, ಸುತ್ತಲ ಮಣ್ಣಿನಿಂದ ಬರುವ ಸೂಕ್ಷ್ಮ ವಿಕಿರಣವನ್ನು ಕತ್ತಲಲ್ಲಿ ಕೂತು ಕೂಡಿಹಾಕುತ್ತ ಹೋಗುತ್ತದಂತೆ. ಪ್ರಯೋಗಾಲಯದಲ್ಲಿ ಬೆಳಕು ತಾಗಿಸಿದರೆ ಅದನ್ನೆಲ್ಲ ಮಿಣುಕಾಗಿ ಉಗುಳುತ್ತದೆ. ಮಿಣುಕು ಅಳೆದರೆ ಅದು ಹೂತುಹೋಗಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಆದರೆ ಅದಕ್ಕೂ ಮೊದಲೇ ಬಿಸಿಲು ಕಂಡಿತೋ, ಮುಗಿಯಿತು. ಅಷ್ಟೂ ಯುಗಗಳು ಅಳಿಸಿಹೋಗುತ್ತವೆ. ಅದಕ್ಕೇ ಅವರು ಕಬ್ಬಿಣದ ಕೊಳವೆಗಳನ್ನು ದಂಡೆಗೆ ಬಡಿದು, ಉಸುಕು ತುಂಬಿಸಿ, ಬಾಯಿಗೆ ಕರಿ ಬಟ್ಟೆ ಬಿಗಿದು ತಂದು ಮಂಚದಡಿ ಇಟ್ಟರು. ದೂರದ ಪ್ರಯೋಗಾಲಯದಲ್ಲಿ ಅವರ ಸರದಿ ಬರುವುದು ದಸರೆ ರಜೆಯ ಕೊನೆಗೆ.

ಖಂಡೇನವಮಿ ಅದಕ್ಕೂ ಮೊದಲು ಬಂತು. ಮನೆಯ ಕಬ್ಬಿಣವನ್ನೆಲ್ಲ ತೊಳೆದು ಪೂಜಿಸುವ ದಿನ. ನಾವಿಬ್ಬರೂ ಪೇಟೆಯಿಂದ ಚೆಂಡುಹೂ ಹಿಡಿದು ಬಂದಾಗ ವೈನಿ, ಅಂದರೆ ಅವರ ಹೆಂಡತಿ, ಅಂಗಳದ ಬಿಸಿಲಲ್ಲಿ ಕುಡಗೋಲು, ಈಳಿಗೆಗಳ ಸಾಲಿಗೆ ಆ ಕೊಳವೆಗಳನ್ನೂ ಮಲಗಿಸಿದ್ದರು.

“ಪ್ರತಿ ವರ್ಷಾ ನಿಮ್ಮ ಹತ್ಯಾರಕ್ಕ ಪೂಜೀನ ಇರಂಗಿಲ್ಲ ನೋಡ್ರಿ. ಹುಣಸೀಹಣ್ಣ ಹಚ್ಚಿ ತಿಕ್ಕೇನಿ. ಹೆಂಗ ಹೊಳ್ಯಾಕ ಹತ್ತ್ಯಾವ!”

“ಒಳಗಿನ ಉಸುಕು?” ಭೂಗರ್ಭದವರು ಕೇಳಿದರು.

“ದಾಸವಾಳದ ಬುಡಕ ಹಾಕೇನ್ರಿ. ಭಾಳ ಸಣ್ಣ ಉಸುಕು, ಚಲೋ ಐತಿ.”

ಅವರು ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಬಯ್ಯುತ್ತಾರೆಂದು ನಾನು ಕಾದೆ...

“ಚಲೋ ಮಾಡಿದಿ,” ಎಂದರು. “ಪಾಪ, ಅದೂ ಬಿಸಲು ಕಂಡು ಭಾಳ ದಿನಾ ಆಗಿತ್ತು.”

ಮರುದಿನ, ಊರೆಲ್ಲ ಬನ್ನಿ ಹಂಚಿಕೊಳ್ಳುತ್ತಿದ್ದಾಗ, ಕೊಳವೆ ಮತ್ತೆ ಬಡಿದು ತರೋಣವೆಂದು ನನ್ನನ್ನೂ ಸವದತ್ತಿ ಮೇಲಿನ ಬಸ್ಸು ಹತ್ತಿಸಿದರು. ರಾಮದುರ್ಗದ ಆಚೆ ಇಳಿದು ನಡೆದರೆ ನದಿ ಇತ್ತು, ದಂಡೆ ಇರಲಿಲ್ಲ. ಅದಿದ್ದಲ್ಲಿ ಒಂದು ಗುಂಡಿ, ಗುಂಡಿಯಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡ ಉಸುಕಿನ ಲಾರಿ. ಡ್ರೈವರ್ ಓಡಿಬಂದು ಇಬ್ಬರ ಕೈಗೂ ಬನ್ನಿ ಎಲೆ ಕೊಟ್ಟ.

“ಬಂಗಾರ ತಗೋರಿ ಸರ್, ಬಂಗಾರದಂಗ ಇರೂಣು!”

ಭೂಗರ್ಭದವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಸಂಪ್ರದಾಯಕ್ಕೆ ಎಂದೂ ಲೋಪ ಮಾಡಿದವರಲ್ಲ.

ಆಮೇಲೆ ಅವರು ನದಿಯ ಕಡೆ ಹೋಗಲಿಲ್ಲ. ಕಲ್ಲುಗೊಡಲಿ ಮೇಜಿನ ಕಾಗದ ಹಾರದಂತೆ ಕಾಯುವ ಕೆಲಸಕ್ಕೆ ನೇಮಕವಾಯಿತು. ಪಾಠ ಮಾಡಿದರು, ನಿವೃತ್ತರಾದರು, ಹೋದರು... ಆ ಬಿಸಿಲಲ್ಲಿ ಏನು ಅಳಿಸಿಹೋಯಿತೆಂದು ವೈನಿಗೆ ಹೇಳಲಿಲ್ಲ. ನನಗೂ ಹೇಳಬೇಡವೆಂದಿದ್ದರು.

ಮೊನ್ನೆ ವೈನಿ ಪೂಜೆಗೆ ಕರೆದರು. ಕೊಳವೆಗಳು ಈ ವರ್ಷವೂ ಹೊಳೆಯುತ್ತಿದ್ದವು.

“ಅಣ್ಣಾರ, ಇದರಾಗ ಅವ್ರು ಏನ ಹುಡುಕತಿದ್ರರಿ? ಕೇಳಿದ್ರ ಬರೇ ನಗತಿದ್ರು.”

“ವಯಸ್ಸು, ವೈನಿ.”

“ಯಾರದು?”

ನನ್ನ ಬಾಯಲ್ಲಿ ಹೋಳಿಗೆ ಇತ್ತು. ಇರದಿದ್ದರೂ ಹೇಳುತ್ತಿರಲಿಲ್ಲ. ದಾಸವಾಳದ ಬುಡದಲ್ಲಿ ಉಸುಕು ಬಿಸಿಲಿಗೆ ಮಿನುಗುತ್ತಿತ್ತು... ಅದರ ವಯಸ್ಸೀಗ ಸೊನ್ನೆ.