ಚಲುವಮ್ಮನ ರೇಡಿಯೋ

ಕೊಡಗಿನ ಹಳ್ಳಿಯೊಂದಕ್ಕೆ ಮೇಷ್ಟ್ರಾಗಿ ಹೋಗಿದ್ದ ನಾನು ಚಲುವಮ್ಮನನ್ನು ಮೊದಲು ಕಂಡ ದಿನ ಆಕೆ ಶಾಲೆಯ ಹೊಸ್ತಿಲಾಚೆ ನಿಂತು, "ಮೇಷ್ಟ್ರೇ, ಗಂಡ ಸತ್ತವ್ಳು ರೇಡಿಯೋ ಕೇಳಿದ್ರೆ ಪಾಪವಾ?" ಎಂದು ಕೇಳಿದಳು.

"ಯಾವ ಪುಸ್ತಕದಲ್ಲೂ ಹಾಗೆ ಬರೆದಿಲ್ಲಮ್ಮ," ಎಂದೆ.

"ಪುಸ್ತಕ್ದಲ್ಲಿಲ್ಲ ಬುಡಿ, ಊರಲ್ಲೈತೆ," ಎಂದು ಸೆರಗು ಬಿಗಿದುಕೊಂಡು ಹೊರಟುಹೋದಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷಗಳಾಗಿದ್ದವು. ಶನಿವಾರಸಂತೆಯಿಂದ ಎರಡು ಹರದಾರಿ ಒಳಗಿನ ಆ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಇದ್ದ ಒಂದೇ ರೇಡಿಯೋ ಚಲುವಮ್ಮನ ಗಂಡ ಸಿದ್ದರಾಜು ತಂದದ್ದು. ಇಟ್ಟಿಗೆ ಗಾತ್ರದ ಬ್ಯಾಟರಿಯಿಂದ ನಡೆಯುತ್ತಿತ್ತು. ಅವನಿದ್ದಾಗ ಊರೆಲ್ಲ ಅವನ ಜಗಲಿಯಲ್ಲಿ ಕುಳಿತು ಕೇಳಿತು, ಕಾಫಿ ಕುಡಿಯಿತು, ಹೊಗಳಿತು. ತೋಟದಲ್ಲಿ ಮರ ಬಿದ್ದು ಅವನು ಸತ್ತ ಮೇಲೆ ಜಗಲಿ ಖಾಲಿಯಾಯಿತು. ಮಕ್ಕಳಿಲ್ಲದ ಚಲುವಮ್ಮ ಸಂಜೆ ರೇಡಿಯೋ ಹಾಕಿಕೊಂಡೇ ಮುದ್ದೆ ತಿರುವುತ್ತಿದ್ದಳು. ಇಂಗ್ಲಿಷ್ ವಾರ್ತೆಯಾದರೂ ಸರಿಯೇ.

"ಅರ್ಥವಾಗ್ದಿರೋದ್ನ ಏನ್ ಕೇಳ್ತೀಯಕ್ಕ?" ಎಂದು ಬಾವಿಯ ಬಳಿ ಓರಗಿತ್ತಿ ಸಿದ್ದಮ್ಮ ಕೇಳಿದಳು.

"ಮನೇಲೊಂದು ಗಂಡ್ಸಿನ ದನಿ ಇದ್ದಂಗಾಯ್ತದೆ ಕಣವ್ವ," ಎಂದು ಚಲುವಮ್ಮ ನಂಬಿ ಹೇಳಿಕೊಂಡಳು.

ಸಂಜೆಯೊಳಗೆ ಮಾತು ಊರಾಡಿತು. ಮೈದುನ ಸಣ್ಣಸ್ವಾಮಿ ಚಹದಂಗಡಿಯಲ್ಲಿ, "ಅಣ್ಣ ಸತ್ತು ವರ್ಸ ತುಂಬ್ನಿಲ್ಲ, ನಮ್ಮತ್ತಿಗೆಗೆ ಗಂಡು ದನಿ ಬೇಕಂತ್ರಪ್ಪೋ! ಡೆಲ್ಲಿಯಿಂದ ತರಿಸ್ಕೋತವ್ಳೆ!" ಎಂದ. ನಕ್ಕವರಲ್ಲಿ ಅವಳ ಕೈಯ ಕಾಫಿ ಕುಡಿಯದವರು ಯಾರೂ ಇರಲಿಲ್ಲ. ಅವಳು ಶಾಲೆಯ ಬಾಗಿಲಿಗೆ ಬಂದದ್ದು ಅದರ ಮಾರನೆಯ ದಿನ.

ಅದು ನಾಟಿಯ ಕಾಲ. ಅಲ್ಲಿ ಕೂಲಿಗೆ ಜನ ಸಿಗುವುದಿಲ್ಲ. ಎಲ್ಲವೂ ಮುಯ್ಯಾಳಿನ ಲೆಕ್ಕ. ನಿನ್ನ ಗದ್ದೆಗೆ ನಾನು ಬಂದರೆ ನನ್ನ ಗದ್ದೆಗೆ ನೀನು ಬರಬೇಕು. ಚಲುವಮ್ಮ ಎಲ್ಲರ ಗದ್ದೆಯಲ್ಲೂ ಸೊಂಟ ಮುರಿದುಕೊಂಡು ನೆಟ್ಟಿದ್ದಳು. ತನ್ನ ಸರದಿಯ ದಿನ ರೊಟ್ಟಿ ತಟ್ಟಿ, ಕೋಳಿ ಸಾರು ಮಾಡಿ ಕಾದಳು. ಒಬ್ಬರೂ ಬರಲಿಲ್ಲ. ಸಾರು ಹಳಸಿತು. ಮಡಿಯಲ್ಲಿ ಸಸಿ ಹಳದಿಗೆ ತಿರುಗತೊಡಗಿತು.

ಮೈದುನನ ಬಾಗಿಲಿಗೆ ಹೋದಳು. "ಸಣ್ಣಸ್ವಾಮಿ, ನಾಟಿ ಆಗ್ದಿದ್ರೆ ವರ್ಸವೆಲ್ಲ ಏನ್ ಉಣ್ಲಪ್ಪ?"

"ವಾರ್ತೆ ಉಣ್ಣಿ ಅತ್ತಿಗೆ." ಒಳಗೆ ಸಿದ್ದಮ್ಮ ಕಿಸಕ್ಕನೆ ನಕ್ಕಳು. "ಆ ಪೆಟ್ಟಿಗೆ ಈ ಮನೆಗೆ ಬರ್ಲಿ. ಮುಯ್ಯಾಳು ನಿಮ್ಮ ಗದ್ದೆಗೆ ಬತ್ತಾರೆ."

ಚಲುವಮ್ಮ ಗದ್ದೆಗೆ ಹೋಗಿ ಒಂದು ಸಸಿ ಕಿತ್ತು ನೋಡಿದಳು. ಬಲಿತು ಗಣ್ಣು ಮೂಡಿತ್ತು, ನಾಟಿಗೆ ಇನ್ನು ತಡಮಾಡುವಂತಿರಲಿಲ್ಲ. ಮನೆಗೆ ಬಂದು ಕೊನೆಯದಾಗಿ ವಾರ್ತೆ ಪೂರ್ತಿ ಕೇಳಿದಳು. ಬಳಿಕ ರೇಡಿಯೋವನ್ನು ಗಂಡನ ಪಂಚೆಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ನಡೆದಳು.

ಮರುದಿನವೇ ನಾಟಿಯಾಯಿತು. ಹೆಂಗಸರು ಹಾಡುತ್ತ ನೆಟ್ಟರು, ಮತ್ತೆ ಮತ್ತೆ ಬಡಿಸಿಕೊಂಡು ಉಂಡರು. ಸಂಜೆ ಎಲ್ಲರೊಡನೆ ಚಲುವಮ್ಮನೂ ಮೈದುನನ ಜಗಲಿಗೆ ಹೋದಳು.

"ದೀಪ ಹಚ್ಚೋ ಹೊತ್ನಲ್ಲಿ ಮುಂಡೆ ಮುಖ ತರ್ಬೇಡಕ್ಕ, ಇಳಿ ಕೆಳಕ್ಕೆ," ಎಂದಳು ಸಿದ್ದಮ್ಮ.

ಬ್ಯಾಟರಿ ಮುಗಿದಾಗ ಸಣ್ಣಸ್ವಾಮಿಯೇ ಬಂದ. "ಪೆಟ್ಟಿಗೆ ಸತ್ತೋಯ್ತು ಅತ್ತಿಗೆ. ಸತ್ತಿದ್ನ ಮನೇಲಿಟ್ಕೊಳಕ್ಕಾಯ್ತದಾ? ವಾಪಸ್ ತರ್ಲಾ?"

ಅದು ವಾಪಸು ಬಂದರೆ ಮುಂದಿನ ನಾಟಿಗೆ ಮುಯ್ಯಾಳು ತಪ್ಪುತ್ತದೆಂದು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಈಗಲೂ ಚಲುವಮ್ಮ ಮೊಟ್ಟೆಯ ಬುಟ್ಟಿ ಹೊತ್ತು ಶನಿವಾರದ ಸಂತೆಗೆ ಹೋಗುತ್ತಾಳೆ. ರೇಡಿಯೋ ದನಿ ಕುಗ್ಗಿದ ವಾರ ಮೊಟ್ಟೆ ಮಾರಿದ ದುಡ್ಡಿನಲ್ಲಿ ಹೊಸ ಬ್ಯಾಟರಿ ತಂದು ಮೈದುನನ ಜಗಲಿಯ ಕೆಳಗಿಟ್ಟು, ದೀಪ ಹಚ್ಚುವ ಮೊದಲೇ ತನ್ನ ಮನೆ ಸೇರಿಕೊಳ್ಳುತ್ತಾಳೆ.